ಬಣ್ಣ ಬಾರದ ಗೀಟು

ನಾನು ಕಂಪ್ಯೂಟರ್ ಟೀಚರು. ಯಲಹಂಕದ ಒಂದು ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಮೌಸ್ ಹಿಡಿಯುವುದನ್ನು ಕಲಿಸಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಬರೆಯಹೊರಟಿರುವ ವಿಷಯದಲ್ಲಿ ಗೊತ್ತಿಲ್ಲದೆ ಆಗಿಹೋಯಿತು ಅನ್ನುವ ನೆಪ ನನಗಿಲ್ಲ. ಫೋನಿನಲ್ಲಿ ಏನನ್ನು ಒತ್ತಿದರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲಿ ಸರಿಯಾಗಿ ಗೊತ್ತಿದ್ದವಳು ನಾನೊಬ್ಬಳೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಿಗೆ ಬಿತ್ತಂತೆ. ಆ ಹಲ್ಲಿ ನಾನೇ.

ಮದುವೆಯಾಗಿ ಆರ್.ಟಿ. ನಗರದಿಂದ ಕೊಡಿಗೇಹಳ್ಳಿಗೆ ಬಂದದ್ದು ೨೦೦೮ರಲ್ಲಿ. ಗಂಡನ ಮನೆಯವರು ಅಲ್ಲಿಯ ಹಳೇ ಊರಿನವರು. ಎರಡೂ ಪಕ್ಕ ನಾಲ್ಕಂತಸ್ತಿನ ಬಾಡಿಗೆ ಕಟ್ಟಡ ಎದ್ದಿದ್ದರೂ ನಮ್ಮದು ಮಾತ್ರ ಜಗಲಿಯ ಮನೆಯಾಗಿಯೇ ಉಳಿದಿತ್ತು. ಮಾವ ಆಗಲೇ ತೀರಿಕೊಂಡಿದ್ದರು. ನಾನು, ನನ್ನ ಗಂಡ, ಅತ್ತೆ, ಮೂವರೇ. ಅತ್ತೆಗೆ ಓದು ಬರುವುದಿಲ್ಲ, ಬಸ್ಸಿನ ನಂಬರು ಮಾತ್ರ ಗುರುತಿಸುತ್ತಾರೆ. ಆದರೆ ಹದಿನಾಲ್ಕು ಮನೆಯ ನೆಂಟರ ಮೂರು ತಲೆಮಾರಿನ ಹುಟ್ಟು, ಮದುವೆ, ಜಗಳ, ಕಾಯಿಲೆ ಎಲ್ಲ ಬಾಯಲ್ಲೇ ಇರುತ್ತಿತ್ತು. ಕೆಲವು ಮನೆ ಇದೇ ಊರಲ್ಲಿ, ಕೆಲವು ಅಬ್ಬಿಗೆರೆಯಲ್ಲಿ, ಯಲಹಂಕದಲ್ಲಿ. ಅತ್ತೆಯ ತವರು ಬಾಗಲೂರಿನಲ್ಲಿ.

ಬಂದ ವರ್ಷವೇ ನಾನು ಕಂಡ ದೊಡ್ಡ ವಿಷಯ ಎಂದರೆ ಪಕ್ಷದ ಹಬ್ಬದ ಕರೆ. ಪಿತೃಪಕ್ಷದ ಹದಿನೈದು ದಿನದಲ್ಲಿ ಒಂದೊಂದು ಮನೆಯವರು ಒಂದೊಂದು ದಿನ ಹಿಡಿದು ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಮಾಂಸದ ಸಾರು, ಮುದ್ದೆ, ವಡೆ, ಪಾಯಸ, ಬದುಕಿದ್ದಾಗ ಅವರಿಗೆ ಏನಿಷ್ಟವೋ ಅದು. ನಮ್ಮ ಮಾವನ ಎಡೆಗೆ ಒಂದು ಕಟ್ಟು ಬೀಡಿಯೂ ಬೇಕು. ಅವತ್ತು ನೆಂಟರೆಲ್ಲ ಬಂದು ಉಣ್ಣಬೇಕು, ಆದರೆ ಕರೆಯದೆ ಯಾರೂ ಬರುವ ಹಾಗಿಲ್ಲ. ಮನೆಯ ಹಿರಿಯ ಹೆಂಗಸು ಹೋಗಿ, ಹೊಸ್ತಿಲ ಹೊರಗೇ ನಿಂತು, ಅಜ್ಜನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಒಬ್ಬೊಬ್ಬರನ್ನೂ ಸಂಬಂಧ ಹಿಡಿದು ಬಾಯಿಬಿಟ್ಟು ಕರೆಯಬೇಕು. ಚೀಟಿ ಕೊಟ್ಟು ಕಳಿಸುವುದು, ಇನ್ನೊಬ್ಬರ ಬಾಯಲ್ಲಿ ಹೇಳಿಸುವುದು ಲೆಕ್ಕಕ್ಕಿಲ್ಲ. ಕರೆಯದೆ ಬಂದರೆ ಬಂದವರ ಮರ್ಯಾದೆ ಹೋಯಿತು, ಕರೆದೂ ಬರದಿದ್ದರೆ ಕರೆದವರದು. ಇನ್ನೊಂದು ಮಾತು ಅತ್ತೆ ನನಗೆ ಮೊದಲ ವರ್ಷವೇ ಹೇಳಿದ್ದರು. ನಾನು ತಮಾಷೆಗೆ "ನನ್ನನ್ನ ಕರೀಲೇ ಇಲ್ವಲ್ಲ ಅತ್ತೆ" ಅಂದಿದ್ದೆ.

"ಮನೇವ್ರುನ್ನ ಯಾರಾದ್ರೂ ಕರೀತಾರೇನವ್ವ? ಕರುದ್ರೆ ನೀನು ಒರಗಿನೋಳು ಅಂದಂಗೆ" ಅಂದಿದ್ದರು. ನಾನು ನಕ್ಕಿದ್ದೆ.

ಪ್ರತಿ ವರ್ಷ ಅತ್ತೆ ಮೂರು ದಿನ ಬಸ್ಸಿನಲ್ಲೂ ಕಾಲ್ನಡಿಗೆಯಲ್ಲೂ ಹದಿನಾಲ್ಕು ಮನೆ ಸುತ್ತಿ ಬರುತ್ತಿದ್ದರು. ಕರೆದು ಮುಗಿಯುವವರೆಗೆ ಯಾರ ಮನೆಯಲ್ಲೂ ನೀರು ಕುಡಿಯುತ್ತಿರಲಿಲ್ಲ. ಹಿಂದಿರುಗಿ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತು ಒಂದು ಚೊಂಬು ನೀರು ಗಟಗಟ ಕುಡಿದು, ಯಾರ ಮನೆಯಲ್ಲಿ ಏನು ಕಂಡೆ ಅಂತ ಶುರು ಮಾಡಿದರೆ ರೇಡಿಯೋ ಬೇಡ. ಆ ಮೂರು ದಿನ ಅವರ ಮುಖದ ಕಳೆಯೇ ಬೇರೆ ಇರುತ್ತಿತ್ತು.

೨೦೧೫ರ ಹೊತ್ತಿಗೆ ಮಂಡಿ ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತುವುದು ಆಗದಾಯಿತು. ಆ ವರ್ಷದ ಪಕ್ಷಕ್ಕೆ ಹೇಗೆ ಕರೆಯುವುದು ಅಂತ ಅತ್ತೆ ಊಟ ಬಿಟ್ಟು ಕೂತಾಗ ಉಪಾಯ ಕೊಟ್ಟವಳು ನಾನು. ನನ್ನ ಹಳೇ ಫೋನನ್ನು ಒರೆಸಿ ಅವರ ಕೈಗಿಟ್ಟೆ. ಫೋನಿಲ್ಲದ ಒಂದು ಮನೆ ಬಿಟ್ಟು ಉಳಿದ ಹದಿಮೂರು ಮನೆಯ ಫೋನುಗಳನ್ನೂ ಸೇರಿಸಿ ವಾಟ್ಸಾಪಿನಲ್ಲಿ "ನಮ್ಮೋರು" ಅಂತ ಗುಂಪು ಮಾಡಿದೆ. ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಿ, ಬಿಟ್ಟರೆ ಮಾತು ಹೋಗುತ್ತದೆ ಅಂತ ತೋರಿಸಿದೆ. "ಒಂದು ಗೀಟು ಬಂದ್ರೆ ಇಲ್ಲಿಂದ ಹೊರಟಿದೆ ಅಂತ ಅತ್ತೆ. ಎರಡು ಗೀಟು ಬಂದ್ರೆ ಅವರಿಗೆ ಮುಟ್ಟಿದೆ ಅಂತ."

ಇದು ಕರೆ ಆಗುತ್ತದೋ ಇಲ್ಲವೋ ಅಂತ ನೆಂಟರಲ್ಲಿ ಒಂದು ವಾರ ಚರ್ಚೆಯೇ ನಡೆಯಿತು. ಕೊನೆಗೆ ಅತ್ತೆಯ ತಮ್ಮ, ಬಾಗಲೂರಿನ ಮಾವ, ತೀರ್ಪು ಕೊಟ್ಟರು. "ಅಕ್ಕನ ಬಾಯಿಂದ ಬಂದ್ರೆ ಅದು ಕರೇನೇಯ. ಅಕ್ಸರ ಬರ್ದ್ ಕಳ್ಸುದ್ರೆ ಮಾತ್ರ ಆಗಾಕಿಲ್ಲ." ಅಲ್ಲಿಗೆ ಪದ್ಧತಿಗೆ ಒಂದು ಹೊಸ ಕೊಂಡಿ ಸೇರಿತು. ಆ ವರ್ಷ ಅತ್ತೆ ಜಗಲಿಯ ಮೇಲೆ ಕೂತು, ಸೆರಗು ಸರಿ ಮಾಡಿಕೊಂಡು, ಫೋನನ್ನೇ ಹೊಸ್ತಿಲು ಅಂದುಕೊಂಡು ಕರೆದರು. "ಕೊಡಿಗೇಹಳ್ಳಿ ಮನೆಯಿಂದ ಕರೀತಿವ್ನಿ. ಬರೋ ಬಾನುವಾರ ನಮ್ಮನೇಲಿ ಇರೀಕ್ರಿಗೆ ಎಡೆ. ಎಲ್ರೂ ಬಂದು ಉಂಡೋಗ್ಬೇಕು. ಬರ್ದೆ ಇರ್ಬೇಡ್ರಿ." ಮುಗಿಸಿ ನನ್ನ ಕಡೆ ತಿರುಗಿ, "ಮುಟ್ತಾ?" ಅಂದರು. ನಾನು ಬಗ್ಗಿ ನೋಡಿ, "ಮುಟ್ಟಿತು ಅತ್ತೆ" ಅಂದೆ. ಮನೆ ತುಂಬ ಜನ ಬಂದರು.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಐದೂವರೆಗೆ ಎದ್ದು ಮುಖ ತೊಳೆದವರೇ ಮೈಕು ಒತ್ತುತ್ತಿದ್ದರು. ಮೂರು ನಿಮಿಷ, ನಾಲ್ಕು ನಿಮಿಷ. ಇವತ್ತು ಮೋಡ ಹಾಕಿದೆ, ಬೋರಿನಲ್ಲಿ ನೀರು ಕೆಂಪಗೆ ಬಂತು, ಅಬ್ಬಿಗೆರೆಯ ಮಗೂಗೆ ಜ್ವರ ಬಿಡ್ತಾ, ಬಾಗಲೂರಿನ ಎಮ್ಮೆ ಕರು ಹಾಕ್ತಾ, ಕನಸಿನಲ್ಲಿ ನಿಮ್ಮ ತಾತ ಬಂದಿದ್ದ, ಅವನ ಹೆಸರಲ್ಲಿ ಕಾಗೆಗೆ ಅನ್ನ ಇಡ್ರಿ. ಮಂಡಿ ನೋವಿನ ಮಾತು ಕಡಿಮೆಯಾಯಿತು. ಮಧ್ಯಾಹ್ನ ಗೋಡೆ ನೋಡುತ್ತ ಕೂರುವುದು ನಿಂತಿತು. ಅದೆಲ್ಲ ನಿಜ. ನಾನು ಆಮೇಲೆ ಏನೇ ಸುಳ್ಳು ಹೇಳಿರಲಿ, ಫೋನು ಬಂದ ಮೇಲೆ ಅತ್ತೆ ಗೆಲುವಾಗಿದ್ದರು ಅನ್ನುವುದು ಸುಳ್ಳಲ್ಲ.

ಆದರೆ ಮೊದಲ ವರ್ಷ ಚೆಂದ ಅನಿಸಿದ್ದು ಮೂರನೇ ವರ್ಷಕ್ಕೆ ಕಿರಿಕಿರಿ. "ಅಕ್ಕ, ದೊಡ್ಡಮ್ಮನ ಮಾತಿಗೇ ನನ್ ಫೋನ್ ಫುಲ್ ಆಗೋಯ್ತು ಕಣಕ್ಕ" ಅಂತ ಅಬ್ಬಿಗೆರೆಯ ಹುಡುಗಿ ನನ್ನ ಹತ್ತಿರ ನಗುತ್ತಲೇ ದೂರಿದಳು. ನಾನೂ ನಕ್ಕೆ. ನನ್ನ ಸಾರಿಗೆ ಉಪ್ಪು ಹೆಚ್ಚಾದದ್ದು, ನಾನು ಎದ್ದದ್ದು ಎಷ್ಟು ಗಂಟೆಗೆ ಅನ್ನುವುದೂ ಹದಿಮೂರು ಮನೆಗೆ ತಲುಪುತ್ತಿತ್ತು. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಹುಟ್ಟಿದವಳು ನಾನು, ಆದರೂ ತಡೆದುಕೊಂಡಿದ್ದೆ.

ತಡೆ ಒಡೆದದ್ದು ೨೦೧೮ರ ಬೇಸಿಗೆಯಲ್ಲಿ. ಶಾಲೆಯಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಮುಖ್ಯಸ್ಥೆಯನ್ನು ಮಾಡುವುದಿತ್ತು. ನನಗೇ ಅಂತ ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಅದು ನನಗಿಂತ ಐದು ವರ್ಷ ಕಿರಿಯಳ ಪಾಲಾಯಿತು. ಆ ಸಂಜೆ ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಮಾತ್ರ ಅತ್ತುಬಿಟ್ಟೆ. ಅವರು ನನ್ನ ತಲೆ ಸವರಿ, ಒಂದು ಲೋಟ ಹಾಲು ಕುಡಿಸಿ ಮಲಗಿಸಿದರು. ಬೆಳಿಗ್ಗೆ ಐದೂವರೆಗೆ ಗುಂಪಿನಲ್ಲಿ ಹೇಳಿದರು: "ನಮ್ ಸೊಸೇಗೆ ಇಸ್ಕೂಲಲ್ಲಿ ದೊಡ್ ಕೆಲ್ಸ ಕೊಡ್ಲಿಲ್ವಂತೆ. ರಾತ್ರಿ ಉಣ್ಲಿಲ್ಲ ಮಗ. ಎಲ್ರೂ ಅವ್ಳ ಎಸ್ರಲ್ಲಿ ಒಂದು ದೀಪ ಅಚ್ರಪ್ಪ."

ಹದಿಮೂರು ಮನೆಯಿಂದಲೂ ಸಮಾಧಾನದ ಮಾತುಗಳು ಬಂದವು. ಒಂದೊಂದೂ ನನಗೆ ಕೆನ್ನೆಗೆ ಹೊಡೆದ ಹಾಗಿತ್ತು. ದೀಪ ಹಚ್ಚಿ ಅಂದದ್ದು ನನಗೆ ಕೇಳಿಸಲೇ ಇಲ್ಲ, ನನ್ನ ಮಾನ ಹೋಯಿತು ಅನ್ನುವುದಷ್ಟೇ ಕೇಳಿಸಿತು. ಅವತ್ತು ಊಟದ ವಿರಾಮದಲ್ಲಿ ಸ್ಟಾಫ್ ರೂಮಿನಲ್ಲಿ ಕೂತು ಹೊಸ ಗುಂಪು ಮಾಡಿದೆ. ಹಳೆಯ ಗುಂಪಿನ ಎಲ್ಲರೂ ಅದರಲ್ಲಿ, ಅತ್ತೆ ಒಬ್ಬರನ್ನು ಬಿಟ್ಟು. "ಮುಖ್ಯವಾದ ವಿಷಯ ಇದ್ದರೆ ಇಲ್ಲಿ ಹಾಕೋಣ. ಹಳೆಯದನ್ನು ಮ್ಯೂಟ್ ಮಾಡಿಕೊಳ್ಳಿ, ಅತ್ತೆಗೆ ಬೇಜಾರಾಗದ ಹಾಗೆ ಯಾರೂ ಅದರಿಂದ ಹೊರಗೆ ಹೋಗಬೇಡಿ" ಅಂತ ಬರೆದೆ. ಅದರ ಕೆಳಗೆ ಹೆಬ್ಬೆರಳು ಎತ್ತಿದ ಗುರುತುಗಳು ಸಾಲಾಗಿ ಬಂದವು.

ಸಂಜೆ ನನ್ನ ಗಂಡ ಕೇಳಿದ್ದು ಒಂದೇ ಮಾತು. "ಅಮ್ಮ ಇಲ್ವಲ್ಲೇ ಇದ್ರಲ್ಲಿ?"

"ಅವರಿಗೆ ಹಳೇದು ಇದ್ಯಲ್ರೀ. ಮಾತಾಡ್ಕೊಂಡು ಖುಷಿಯಾಗಿರ್ಲಿ" ಅಂದೆ. ಅವರು ಸುಮ್ಮನಾದರು. ಅಂಥ ವಿಷಯದಲ್ಲಿ ಸುಮ್ಮನಾಗುವುದು ನನ್ನ ಗಂಡನಿಗೆ ಚೆನ್ನಾಗಿ ಬರುತ್ತದೆ.

ಅತ್ತೆ ಎಂದಿನಂತೆ ಬೆಳಿಗ್ಗೆ ಎದ್ದು ಮಾತಾಡುತ್ತಿದ್ದರು. ಉತ್ತರ ಕಡಿಮೆಯಾದದ್ದು ತಿಳಿಯದಿರಲಿ ಅಂತ ನಾನು ದಿನಾ ಶಾಲೆಯ ಬಸ್ಸಿನಲ್ಲಿ ಒಂದು ಕೈಮುಗಿದ ಚಿತ್ರ ಒತ್ತುತ್ತಿದ್ದೆ, ಗಂಡನಿಗೂ ಒತ್ತಲು ಹೇಳಿದ್ದೆ. ಮಾತು ಮಾತ್ರ ಕೇಳುತ್ತಿರಲಿಲ್ಲ. ದೇವರಿಗೆ ಹೂವು ಏರಿಸಿ ಮುಖ ನೋಡದೆ ಬಂದ ಹಾಗೆ.

ಒಂದು ಭಾನುವಾರ, ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ ಅತ್ತೆ ಕೇಳಿದರು. "ಪಕ್ಕದ್ ಬಾಡ್ಗೆ ಮನೇ ಎಂಗ್ಸು ಅಂತಿದ್ಲು ಕಣವ್ವ, ಅವ್ರು ಕೇಳುದ್ರೆ ಎಲ್ಡು ಗೀಟ್ಗೂ ನೀಲಿ ಬಣ್ಣ ಬತ್ತದಂತೆ? ನಂದ್ರಲ್ಲಿ ಬರಾಕೇ ಇಲ್ವಲ್ಲ?"

ಗುಂಪಿನಲ್ಲಿರುವ ಎಲ್ಲರೂ ನೋಡಿದರೆ ಮಾತ್ರ ಬಣ್ಣ ಬರುತ್ತದೆ ಅತ್ತೆ, ಒಬ್ಬರು ಬಿಟ್ಟರೂ ಬರುವುದಿಲ್ಲ, ನಿಮ್ಮದನ್ನು ಈಗ ಯಾರೂ ನೋಡುತ್ತಿಲ್ಲ. ಇಷ್ಟೇ ಉತ್ತರ. ಶಾಲೆಯಲ್ಲಾದರೆ ಆರನೇ ತರಗತಿಯ ಮಗುವಿಗೂ ಬಿಡಿಸಿ ಹೇಳುತ್ತಿದ್ದೆ. ನನ್ನ ಕೈ ಬೆಳ್ಳುಳ್ಳಿ ಸುಲಿಯುತ್ತಲೇ ಇತ್ತು. "ನಿಮ್ಮ ಫೋನು ಹಳೇದಲ್ವಾ ಅತ್ತೆ, ಅದ್ರಲ್ಲಿ ಬಣ್ಣ ಬರಲ್ಲ" ಅಂದೆ.

"ಓ, ಅಂಗಾ" ಅಂದರು. ನಂಬಿದರು. ನಾನು ಟೀಚರು, ನನ್ನ ಮಾತನ್ನು ಯಾಕೆ ನಂಬಬಾರದು.

ಅದಾದ ಮುಂದಿನ ತಿಂಗಳು ಹೆಬ್ಬಾಳದ ಕಡೆಯ ಒಂದು ಹಿರಿಯರ ಸಂಘದವರು ನನ್ನನ್ನು ಮಾತಿಗೆ ಕರೆದರು. ವಯಸ್ಸಾದವರಿಗೆ ಇಂಟರ್ನೆಟ್ಟಿನಿಂದ ಏನು ಒಳಿತು ಅನ್ನುವುದು ವಿಷಯ. ರೇಷ್ಮೆ ಸೀರೆ ಉಟ್ಟು ಹೋದೆ. ಒಂಟಿತನ ಅನ್ನುವುದು ಮನಸ್ಸಿಗೂ ಮೈಗೂ ಕಾಯಿಲೆ, ನಾಲ್ಕು ಜನರ ಜೊತೆ ದಿನಾ ಮಾತಾಡುವವರು ಗಟ್ಟಿಯಾಗಿರುತ್ತಾರೆ ಅಂತ ಹೇಳಿದೆ. ಆಮೇಲೆ, "ಬೇರೆ ಯಾಕೆ, ನಮ್ಮ ಅತ್ತೆಯನ್ನೇ ನೋಡಿ" ಅಂದೆ. ಓದು ಬರದ ಹೆಂಗಸು ದಿನಾ ಹದಿಮೂರು ಮನೆಯ ಜೊತೆ ಮಾತಾಡುವ ಕಥೆ ಹೇಳಿದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಮನೆಗೆ ಬಂದು ಆ ಶಾಲನ್ನು ಅತ್ತೆಗೇ ಕೊಟ್ಟೆ. ಅವರು ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು, ನಮ್ಮ ಸೊಸೆಗೆ ಶಾಲು ಹಾಕಿದರು ಅಂತ ಬೆಳಿಗ್ಗೆ ಗುಂಪಿನಲ್ಲಿ ಹೇಳಿದರಂತೆ. ಆಗ ನಾನು ಕೇಳಲಿಲ್ಲ.

ಪಕ್ಷ ಬಂತು. ನಮ್ಮ ಮನೆಯ ದಿನ ಭಾನುವಾರ ಅಂತ ಗೊತ್ತಾಯಿತು. ಅದಕ್ಕೆ ಮುಂಚಿನ ಬುಧವಾರ ಸಂಜೆ ಅತ್ತೆ ತಲೆ ಬಾಚಿ, ಸೆರಗು ಸರಿ ಮಾಡಿಕೊಂಡು ಜಗಲಿಯ ಮೇಲೆ ಕೂತರು. ನಾನು ಒಳಗೆ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. "ಕೊಡಿಗೇಹಳ್ಳಿ ಮನೆಯಿಂದ ಕರೀತಿವ್ನಿ" ಅನ್ನುವುದು ಕಿಟಕಿಯಿಂದ ಕೇಳಿಸಿತು. ಒಬ್ಬೊಬ್ಬರನ್ನೂ ಸಂಬಂಧ ಹಿಡಿದು ಕರೆದರು. ಬಾಗಲೂರಿನಲ್ಲಿ ಹೊಸದಾಗಿ ಹುಟ್ಟಿದ್ದ ಕೂಸನ್ನೂ ಬಿಡಲಿಲ್ಲ. ಆಮೇಲೆ ಒಳಗೆ ಬಂದು, "ಎಲ್ಡು ಗೀಟು ಬಂತು. ಮುಟ್ತಾ?" ಅಂದರು.

"ಮುಟ್ಟಿತು ಅತ್ತೆ" ಅಂದೆ. ತಲೆ ಎತ್ತಲಿಲ್ಲ.

ಆ ಹೊತ್ತಿಗೆ ನೆನಪಾಗಲಿಲ್ಲ ಅಂತ ನಾನು ಬಹಳ ದಿನ ನನಗೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ. ಶುಕ್ರವಾರ ಬಸ್ಸಿನಲ್ಲಿ ಒಂದು ಸಲ ಹೊಳೆಯಿತು, ಹಳೆಯ ಗುಂಪನ್ನು ಯಾರೂ ತೆರೆಯುತ್ತಿಲ್ಲವಲ್ಲ ಅಂತ. ಹೊಸದರಲ್ಲಿ ಒಂದು ಸಾಲು ಹಾಕೋಣ ಅಂದುಕೊಂಡೆ. ನಾನು ಅಕ್ಷರ ಬರೆದರೆ ಅದು ಕರೆಯಾಗುವುದಿಲ್ಲ, ಹಳೆಯದನ್ನು ಕೇಳಿ ಅಂತ ಹೇಳಬೇಕಾಗುತ್ತದೆ, ಹೇಳಿದರೆ ಯಾರ ಬಾಯಿಂದಲಾದರೂ ಅತ್ತೆಗೆ ವಿಷಯ ಗೊತ್ತಾಗುತ್ತದೆ ಅಂತ ಹಿಂಜರಿದೆ. ಪಕ್ಷದ ಕರೆ ಅಲ್ಲವಾ, ಯಾರಾದರೊಬ್ಬರು ಕೇಳಿಯೇ ಕೇಳಿರುತ್ತಾರೆ ಬಿಡು ಅಂತ ಫೋನು ಬ್ಯಾಗಿಗೆ ಹಾಕಿದೆ.

ಭಾನುವಾರ ನಲವತ್ತು ಜನರ ಅಡುಗೆ. ಹಿತ್ತಲಿನಲ್ಲಿ ಒಲೆ ಹೂಡಿ ದೊಡ್ಡ ದಬರಿಯಲ್ಲಿ ಸಾರು ಕುದಿಸಿದೆವು. ಅತ್ತೆ ಮಣೆ ಹಾಕಿಕೊಂಡು ಕೂತು ವಡೆ ತಟ್ಟಿದರು. ಹನ್ನೆರಡು ಗಂಟೆಗೆ ಎಡೆ ಇಟ್ಟು, ಮಾವನ ಬೀಡಿ ಕಟ್ಟು ಇಟ್ಟು, ಹಿರಿಯರು ಬಂದು ಉಂಡು ಹೋಗಲಿ ಅಂತ ಬಾಗಿಲು ಮುಚ್ಚಿ ಮೂವರೂ ಹೊರಗೆ ಜಗಲಿಯ ಮೇಲೆ ಕೂತೆವು. ಅದು ಪದ್ಧತಿ. ಬೇರೆ ವರ್ಷ ಅಷ್ಟು ಹೊತ್ತಿಗೆ ಜಗಲಿಯಲ್ಲಿ ಕೂರಲು ಜಾಗ ಇರುತ್ತಿರಲಿಲ್ಲ, ಚಪ್ಪಲಿಗಳು ಬೀದಿಯವರೆಗೆ ಇರುತ್ತಿದ್ದವು. ಅವತ್ತು ಮೂರೇ ಜೊತೆ.

"ಬಾಗ್ಲೂರು ಬಸ್ಸು ತಡ ಇರ್ಬೇಕು" ಅಂದರು ಅತ್ತೆ. ಬಾಗಿಲು ತೆರೆದು ಕಾಗೆಗೆ ಅನ್ನ ಇಟ್ಟೆವು. ಒಂದು ಗಂಟೆಗೆ ಅತ್ತೆಯ ಓರಗಿತ್ತಿ, ನಾನು ದೊಡ್ಡತ್ತೆ ಅನ್ನುವ ಮುದುಕಿ, ಕೋಲೂರಿಕೊಂಡು ಬಂದರು. ಎರಡು ಬೀದಿ ಆಚೆಯ ಮನೆ ಅವರದು. ಅವರ ಹತ್ತಿರ ಫೋನಿಲ್ಲ, ಅದಕ್ಕೆ ಅತ್ತೆ ಮಂಡಿ ಹಿಡಿದುಕೊಂಡೇ ಹೋಗಿ ಹೊಸ್ತಿಲಲ್ಲಿ ನಿಂತು ಕರೆದು ಬಂದಿದ್ದರು. ಹದಿನಾಲ್ಕು ಮನೆಯಲ್ಲಿ ಫೋನಿಲ್ಲದ ಒಂದೇ ಮನೆ. ಬಂದದ್ದೂ ಆ ಒಬ್ಬರೇ.

"ಎಲ್ಲಾ ಎಲ್ಲೋದ್ರೇ?" ಅಂದರು ದೊಡ್ಡತ್ತೆ. ಅತ್ತೆ ಬೀದಿಯ ಕಡೆ ನೋಡುತ್ತ ಕೂತಿದ್ದರು. ನನಗೆ ಅನ್ನದ ದಬರಿಯ ಮುಚ್ಚಳ ತೆಗೆಯಲು ಕೈ ಬರಲಿಲ್ಲ.

ಹಿತ್ತಲಿಗೆ ಹೋಗಿ ಹೊಸ ಗುಂಪಿನಲ್ಲಿ ಬರೆದೆ, ಎಲ್ಲರೂ ಬನ್ನಿ, ಅತ್ತೆ ಬುಧವಾರವೇ ಕರೆದಿದ್ದಾರೆ ಅಂತ. ಉತ್ತರಗಳು ತಕ್ಷಣ ಬಂದವು. ಮುಖ್ಯವಾದದ್ದು ಈ ಗುಂಪಿಗೇ ಬರುತ್ತದೆ ಅಂತ ನಾಲ್ಕು ದಿನದಿಂದ ಇಲ್ಲೇ ಕಾದೆವು, ಕರೆ ಬರಲಿಲ್ಲ, ಈ ವರ್ಷ ನಮ್ಮನ್ನು ಬಿಟ್ಟರು ಅಂತ ಮನೆಯಲ್ಲೇ ಉಂಡೆವು. ಅಬ್ಬಿಗೆರೆಯವರು ಬೇಜಾರಿನಲ್ಲಿ ಬೇರೆ ಮನೆಯ ಎಡೆಗೆ ಹೋಗಿದ್ದರು. ಬಾಗಲೂರಿನ ಮಾವ ಬರೆಯುವವರಲ್ಲ, ಮಾತಾಡಿ ಕಳಿಸಿದ್ದರು: "ಅಕ್ಕ ಕರೀದೆ ಎಂಗವ್ವ ಬರಾದು? ನಮ್ದೇನು ತಪ್ಪಾಯ್ತೋ ಅಂತ ನಿನ್ನೆಯಿಂದ ನಿನ್ನತ್ತೆ ಅತ್ಕೊಂಡು ಕುಂತವ್ಳೆ ಇಲ್ಲಿ." ನಿನ್ನತ್ತೆ ಅಂದರೆ ಅವರ ಹೆಂಡತಿ. "ನೆಟ್‌ವರ್ಕ್ ಸಮಸ್ಯೆ ಆಗಿದೆ ಮಾವ" ಅಂತ ಬರೆದೆ. ಅತ್ತೆಯ ಹತ್ತಿರ ಬಂದು ಅದನ್ನೇ ಹೇಳಿದೆ.

"ಎಲ್ಡು ಗೀಟು ಬಂದಿತ್ತಲ್ಲವ್ವ" ಅಂದರು.

ಅತ್ತೆ ಎದ್ದು, ಪಕ್ಕದ ಕಟ್ಟಡದ ಬಾಡಿಗೆ ಮನೆಯವರನ್ನೂ, ಹಿಂದಿನ ಬೀದಿಯಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದವರನ್ನೂ ಕರೆದು ಕೂರಿಸಿ, ಉಳಿದದ್ದನ್ನೆಲ್ಲ ತಾವೇ ಬಡಿಸಿದರು. ಹಿರಿಯರ ಹೆಸರಿನ ಅನ್ನ ಚೆಲ್ಲಬಾರದಂತೆ. ಕೊನೆಗೆ ಅವರು ಮಾತ್ರ ಉಣ್ಣಲಿಲ್ಲ.

ಆಮೇಲಿನ ದಿನಗಳು ಅದಕ್ಕಿಂತ ಕಷ್ಟ. ಯಾರು ಯಾಕೆ ಬರಲಿಲ್ಲ ಅಂತ ಅತ್ತೆ ತಮ್ಮೊಳಗೇ ಹುಡುಕತೊಡಗಿದರು. ನಾನು ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಕೂತು ಒಂದೊಂದು ಮನೆಗೂ ಒಂದೊಂದು ಕಾರಣ ಹೇಳುತ್ತಿದ್ದರು. ಅಬ್ಬಿಗೆರೆಯವರ ಮಗಳ ಸೀಮಂತಕ್ಕೆ ಮಂಡಿ ನೋವು ಅಂತ ಹೋಗಲಿಲ್ಲವಲ್ಲ, ಅದಕ್ಕೇ ಇರಬೇಕು. ಯಲಹಂಕದವರ ಹುಡುಗ ಕಪ್ಪಗಿದ್ದಾನೆ ಅಂತ ಯಾವಾಗಲೋ ಅಂದಿದ್ದೆ, ಅದು ಅವರ ಕಿವಿಗೆ ಬಿತ್ತೇನೋ. "ನನ್ ಬಾಯೇ ಸರೀಗಿಲ್ಲ ಕಣವ್ವ. ಎಚ್ಗೆ ಮಾತಾಡ್ಬಿಟ್ಟೆ" ಅಂದರು ಒಂದು ಸಲ. ಆಗಲಾದರೂ ನಾನು ಬಾಯಿಬಿಡಬೇಕಿತ್ತು. ರೊಟ್ಟಿ ತಿರುವಿ ಹಾಕಿದೆ. ಗುಂಪು ಮಾಡಿದ್ದು ಕೋಪದಲ್ಲಿ ಮಾಡಿದ್ದು, ಅದಕ್ಕೆ ಕ್ಷಮೆ ಇರಬಹುದು. ಆ ವಾರ ಎದುರಿಗೇ ಕೂತು ಅವರ ಮೇಲೆ ಅವರೇ ತಪ್ಪು ಹೊರಿಸಿಕೊಳ್ಳುವುದನ್ನು ಕೇಳುತ್ತ ಸುಮ್ಮನಿದ್ದೆನಲ್ಲ, ಅದನ್ನು ನೆನೆದರೆ ಇವತ್ತಿಗೂ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಲು ನಾಚಿಕೆಯಾಗುತ್ತದೆ.

ಅತ್ತೆ ಬೆಳಗಿನ ಮಾತು ನಿಲ್ಲಿಸಿದರು. ಫೋನು ಗೋಡೆಯ ಗೂಡಿನಲ್ಲಿ, ಎಣ್ಣೆ ಬಾಟಲಿಯ ಪಕ್ಕ ಬಿದ್ದಿರುತ್ತಿತ್ತು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಐದೂವರೆಗೆ ನನಗೆ ತಾನಾಗಿಯೇ ಎಚ್ಚರವಾಗುತ್ತಿತ್ತು. ಶಾಲೆಯ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಳೆಯ ಗುಂಪು ತೆರೆದೆ. ಏಪ್ರಿಲ್‌ನಿಂದ ಶುರು ಮಾಡಿ ಒಂದೊಂದನ್ನೇ ಕೇಳಿದೆ. ನಾಲ್ಕು ದಿನ ಹಿಡಿಯಿತು. ಮೋಡ, ನೀರು, ಜ್ವರ, ಎಮ್ಮೆ. ಶಾಲಿನ ವಿಷಯ. ಆಮೇಲಾಮೇಲೆ ಮಾತು ಚಿಕ್ಕದಾಗುತ್ತ ಬಂದಿತ್ತು. ಆಗಸ್ಟಿನ ಒಂದರಲ್ಲಿ, "ಯಾಕ್ರಪ್ಪ, ಯಾರೂ ಮಾತಾಡ್ತಿಲ್ಲ. ಎಲ್ರೂ ಚೆಂದಾಗಿದ್ದೀರಿ ತಾನೆ? ಕೆಲ್ಸ ಇದ್ರೆ ಬ್ಯಾಡ ಬುಡ್ರಿ, ನಂದೇನು, ಕುಂತಿರೋಳು" ಅಂದಿದ್ದರು. ಅದರ ಕೆಳಗೆ ನಾನು ಒತ್ತಿದ್ದ ಕೈಮುಗಿದ ಚಿತ್ರ ಇತ್ತು. ಪಕ್ಕದ ಸೀಟಿನ ಟೀಚರು ಯಾಕೆ ಅಳುತ್ತಿದ್ದೀರಿ ಅಂದರು. ಕಣ್ಣಿಗೆ ಧೂಳು ಅಂದೆ, ಇನ್ನೊಂದು ಸುಳ್ಳು.

ದೀಪಾವಳಿಗೆ ಹತ್ತು ದಿನ ಇದ್ದಾಗ ಒಂದು ಸಂಜೆ ನಾನು ಮನೆಗೆ ಬಂದರೆ ಬಾಗಲೂರಿನ ಮಾವ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಪಕ್ಕದಲ್ಲಿ ಒಂದು ಚೀಲ ಸೀಬೆಹಣ್ಣು. ಅಕ್ಕನ ಜೊತೆ ಎದುರಿಗೇ ಕೂತು ಮಾತಾಡಿ ಬಗೆಹರಿಸಿಕೊಳ್ಳೋಣ ಅಂತ ಬಂದವರು, ಹೊಸ ಗುಂಪನ್ನು ತಮ್ಮ ಫೋನಿನಲ್ಲೇ ಅತ್ತೆಗೆ ತೋರಿಸಿದ್ದರು. ಅದರಲ್ಲಿ ಅತ್ತೆ ಇಲ್ಲದ್ದು ಅವರಿಗೂ ಆಗಷ್ಟೇ ತಲೆಗೆ ಹೋಗಿದ್ದು. ನನ್ನನ್ನು ನೋಡಿ ಲೋಟ ಕೆಳಗಿಟ್ಟು, "ಬತ್ತೀನಿ ಕಣಕ್ಕ" ಅಂತ ಎದ್ದರು. ನನ್ನ ಮುಖ ನೋಡಲಿಲ್ಲ.

ಅತ್ತೆ ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ನನ್ನ ಬಾಯಿ ನನಗೆ ಗೊತ್ತು. ಸೀಬೆಹಣ್ಣು ಹೆಚ್ಚಿ ಉಪ್ಪು ಖಾರ ಹಾಕಿ ತಟ್ಟೆಯಲ್ಲಿಟ್ಟುಕೊಟ್ಟರು. "ತಿನ್ನು, ಆಯಾಸ ಆಗಿರ್ತದೆ." ಒಂದು ವಾರ ಹಾಗೇ ಕಳೆಯಿತು. ತಪ್ಪಾಯಿತು ಅನ್ನಲು ನಾನು ದಿನಾ ಬಾಯಿ ತೆರೆದು ಮುಚ್ಚುತ್ತಿದ್ದೆ.

ದೀಪಾವಳಿಗೆ ಎರಡು ದಿನ ಮುಂಚೆ, ಶಾಲೆಯಲ್ಲಿ ಮೂರನೇ ಪೀರಿಯಡ್ ಮುಗಿಸಿ ಬಂದಾಗ ಫೋನಿನಲ್ಲಿ ಅತ್ತೆಯ ಮಾತು ಬಂದಿತ್ತು. ಗುಂಪಿಗಲ್ಲ, ನನಗೊಬ್ಬಳಿಗೇ. ಮೂರು ವರ್ಷದಲ್ಲಿ ಅವರು ನನಗೆ ಅಂತ ಒಂದೂ ಕಳಿಸಿರಲಿಲ್ಲ, ಒಂದೇ ಮನೆಯಲ್ಲಿ ಇದ್ದೆವಲ್ಲ, ಬೇಕಾಗಿರಲಿಲ್ಲ. ಕಾರಿಡಾರಿನ ಕೊನೆಯಲ್ಲಿ ನೀರಿನ ನಲ್ಲಿಯ ಹತ್ತಿರ ಹೋಗಿ ನಿಂತು ಒತ್ತಿದೆ.

"ಕೊಡಿಗೇಹಳ್ಳಿ ಮನೆಯಿಂದ ಕರೀತಿವ್ನಿ. ನಾಡಿದ್ದು ನಮ್ಮನೇಲಿ ದೀಪಾವಳಿ. ಬಂದು ಉಂಡೋಗ್ಬೇಕು ಕಣವ್ವ. ಬರ್ದೆ ಇರ್ಬೇಡ."

ಹದಿನಾಲ್ಕು ಮನೆಗೆ ಕರೆಯುವ ಅದೇ ರಾಗ, ಅದೇ ಮಾತು. ಮನೆಯವರನ್ನು ಯಾರೂ ಕರೆಯುವುದಿಲ್ಲ. ಗೋಡೆಗೆ ಒರಗಿ ನಿಂತೆ. ಮುಂದಿನ ಪೀರಿಯಡ್ಡಿನ ಬೆಲ್ಲು ಹೊಡೆಯಿತು.

ಸಂಜೆ ಮನೆಗೆ ಹೋದಾಗ ಅತ್ತೆ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದರು. ಅದನ್ನು ನನ್ನ ಕಡೆ ತಿರುಗಿಸಿ ಹಿಡಿದರು. ನನ್ನ ಫೋಟೋ, ಹೆಸರಿನ ಕೆಳಗೆ ಅವರ ಮಾತು, ಅದರ ಪಕ್ಕ ಎರಡು ಗೀಟು. ನೀಲಿ.

"ಹಳೇ ಫೋನಲ್ಲೂ ಬಣ್ಣ ಬತ್ತದೆ ಕಣವ್ವ" ಅಂದರು. ಅವರ ಮುಖದಲ್ಲಿ ಕೋಪ ಇರಲಿಲ್ಲ. ಮಗುವೊಂದು ಲೆಕ್ಕ ಸರಿ ಬಿಡಿಸಿ ಟೀಚರಿಗೆ ಸ್ಲೇಟು ತೋರಿಸಿದ ಹಾಗೆ ತೋರಿಸಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು.

ಹಬ್ಬದ ಬೆಳಿಗ್ಗೆ ನಾನು ಎದ್ದು ಅಡುಗೆಮನೆಗೆ ಹೋಗುವಷ್ಟರಲ್ಲಿ ಕಜ್ಜಾಯ ಬೆಂದು ಬುಟ್ಟಿ ತುಂಬಿತ್ತು. ಆ ಮಂಡಿಯಲ್ಲಿ ಎಷ್ಟು ಹೊತ್ತು ಒಲೆಯ ಮುಂದೆ ಕೂತಿದ್ದರೋ. ನಾನು ಸೌಟು ಹಿಡಿಯಲು ಹೋದರೆ ಕೈ ತಡೆದರು. "ಕರ್ಸ್ಕಂಡ್ ಬಂದೋರು ಕೆಲ್ಸ ಮಾಡಂಗಿಲ್ಲ. ಓಗಿ ಕುಂತ್ಕೋ." ಹಜಾರದಲ್ಲಿ ಚಾಪೆ ಹಾಸಿ, ಎಲೆ ಹಾಕಿ, ಬಾಗಲೂರಿನವರು ಬಂದರೆ ಕೂರಿಸುವ ಜಾಗದಲ್ಲಿ ನನ್ನನ್ನು ಕೂರಿಸಿದರು. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಅವರನ್ನು ಕೂರಿಸಲಿಲ್ಲ. ಅವರು ಮನೆಯವರು.

ಹತ್ತು ವರ್ಷ ಆ ಮನೆಯಲ್ಲಿ ನಾನು ಉಂಡಿದ್ದೇನೆ. ಅತ್ತೆ ಬಗ್ಗಿ ನನಗೆ ಮೊದಲು ಬಡಿಸಿದ್ದು ಅವತ್ತೇ. ಕಜ್ಜಾಯ ಮುರಿದು ಬಾಯಿಗಿಟ್ಟೆ. ತಲೆ ಎತ್ತಿ, "ಅತ್ತೆ, ನನ್ನದು ತಪ್ಪಾಯ್ತು. ನಾನೇ ಮಾಡಿದ್ದು ಎಲ್ಲ" ಅಂದೆ. ಎಲೆಯ ಮೇಲೆ ಕಣ್ಣೀರು ಬಿತ್ತು.

ಅವರು ಇನ್ನೊಂದು ಕಜ್ಜಾಯ ಹಾಕಿದರು. ಮೇಲೆ ತುಪ್ಪ ಬಿಟ್ಟರು. ಮಂಡಿ ಹಿಡಿದುಕೊಂಡು ನನ್ನ ಎದುರಿಗೇ ಕುಕ್ಕರಿಸಿ ಕೂತು, ಎಷ್ಟೋ ದಿನದ ಮೇಲೆ ನನ್ನ ಕಣ್ಣನ್ನೇ ನೋಡಿದರು.

"ನಾನು ಕರ್ದಿದ್ದು ಮುಟ್ತಾ?" ಅಂದರು.

"ಮುಟ್ಟಿತು ಅತ್ತೆ" ಅಂದೆ.

"ಉಣ್ಣು ಮತ್ತೆ" ಅಂದರು.